ಮುದ್ದೆ ಅದೇ, ಮೇಲೊಂದು ಚಮಚ ತುಪ್ಪ: ತೆಳ್ಳಗಿರುವವರು ಮೈ ತುಂಬಿಕೊಳ್ಳುವ ಬಗೆ

ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ ಅಕ್ಕನ ಮಗನ ಜೊತೆ ಚಿಂತಾಮಣಿಯ ಮಂಡಿಗೆ ಹೋಗಿದ್ದೆ. ಮೂಟೆ ತೂಗುವ ತಕ್ಕಡಿ ಖಾಲಿ ಇತ್ತು. ಹುಡುಗ ಸುಮ್ನೆ ಅದರ ಮೇಲೆ ಹತ್ತಿ ನಿಂತ. ಕೆಂಪು ಅಂಕಿ ಒಂದೆರಡು ಸಲ ಕುಣಿದು 49ಕ್ಕೆ ನಿಂತಿತು. ಪಕ್ಕದಲ್ಲಿದ್ದ ಹಮಾಲಿಯೊಬ್ಬರು ನೋಡಿ, "ಏನಪ್ಪಾ, ಅರ್ಧ ಕ್ವಿಂಟಾಲೂ ಇಲ್ವಲ್ಲ ನೀನು" ಅಂದರು. ಕೆಟ್ಟ ಮನಸ್ಸಿನಿಂದ ಅಂದ ಮಾತಲ್ಲ. ಆದರೂ ಹುಡುಗನ ಮುಖ ಬಾಡಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತವನು, ಊರು ಹತ್ತಿರ ಬಂದಾಗ ಕೇಳಿದ: "ಮಾವ, ನಾನು ಎಷ್ಟು ತಿಂದರೂ ಮೈಗೆ ಹತ್ತಲ್ಲ. ಏನು ಮಾಡಲಿ?"

ಈ ಮಾತನ್ನು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ದಪ್ಪಗಿರುವವರಿಗೆ ಸಣ್ಣಗಾಗುವ ಸಲಹೆ ಬೀದಿಗೊಂದು ಸಿಗುತ್ತದೆ. ಸಣ್ಣಗಿರುವವರಿಗೆ ಸಿಗುವುದು ಒಂದೇ ಮಾತು: "ಚೆನ್ನಾಗಿ ತಿನ್ನು". ಏನು ತಿನ್ನಬೇಕು, ಎಷ್ಟು, ಯಾವಾಗ, ತಿಂದದ್ದು ಮಾಂಸಖಂಡ ಆಗುತ್ತದೋ ಬರೀ ಹೊಟ್ಟೆ ಆಗುತ್ತದೋ, ಇದನ್ನು ಯಾರೂ ಕೂತು ಹೇಳುವುದಿಲ್ಲ. ಆ ಹುಡುಗನಿಗಾಗಿ ನಾನು ಓದಿದ್ದು, ಡಾಕ್ಟರನ್ನು ಕೇಳಿದ್ದು, ನಮ್ಮ ಅಡುಗೆಮನೆಯಲ್ಲೇ ಮಾಡಿ ನೋಡಿದ್ದು, ಎಲ್ಲಾ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೂಕ ನಿಜಕ್ಕೂ ಕಮ್ಮಿ ಇದೆಯಾ ಅಂತ ನೋಡಬೇಕು. ನೆಂಟರ ಮಾತು ಅದಕ್ಕೆ ಅಳತೆಯಲ್ಲ. ಲೆಕ್ಕ ಸುಲಭ. ಎತ್ತರವನ್ನು ಮೀಟರ್‌ನಲ್ಲಿ ಬರೆದುಕೊಳ್ಳಿ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. ಬಂದದ್ದರಿಂದ ನಿಮ್ಮ ತೂಕವನ್ನು ಭಾಗಿಸಿ. ಇದಕ್ಕೆ ಬಿಎಂಐ ಅನ್ನುತ್ತಾರೆ. ದೊಡ್ಡವರಲ್ಲಿ ಇದು 18.5ಕ್ಕಿಂತ ಕೆಳಗಿದ್ದರೆ ತೂಕ ಕಮ್ಮಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಮ್ಮ ಹುಡುಗನ ಎತ್ತರ 1.68 ಮೀಟರ್. 1.68ನ್ನು 1.68ರಿಂದ ಗುಣಿಸಿದರೆ 2.82. 49ನ್ನು 2.82ರಿಂದ ಭಾಗಿಸಿದರೆ 17.4. ಅವನು 18.5 ಮುಟ್ಟಬೇಕಾದರೆ 52 ಕೆಜಿ ದಾಟಬೇಕು. ಅಂದರೆ ಅವನಿಗೆ ಕಮ್ಮಿ ಇದ್ದದ್ದು ಮೂರು-ನಾಲ್ಕು ಕೆಜಿ. ಅವನು ಮಾತ್ರ ಇಪ್ಪತ್ತು ಕೆಜಿ ಬೇಕು ಅಂದುಕೊಂಡು ಕೊರಗುತ್ತಿದ್ದ.

ಇಂಥವರು ಕಮ್ಮಿ ಜನ ಏನಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 18.7 ಮಂದಿ, ಗಂಡಸರಲ್ಲಿ ಶೇ. 16.2 ಮಂದಿ ಈ ಗೆರೆಗಿಂತ ಕೆಳಗಿದ್ದಾರೆ. ಹೆಚ್ಚು ಕಡಿಮೆ ಆರು ಜನಕ್ಕೆ ಒಬ್ಬರು. ಬಸ್ಸಿನಲ್ಲಿ ಎರಡು ಸಾಲು ಸೀಟು ನೋಡಿದರೆ ಒಬ್ಬರಾದರೂ ಸಿಗಬಹುದು.

ಇನ್ನೊಂದು ಮಾತೂ ಹೇಳಬೇಕು. ಸಣ್ಣಗಿರುವುದೇ ಕಾಯಿಲೆ ಅಲ್ಲ. ಅಪ್ಪ, ತಾತ, ದೊಡ್ಡಪ್ಪ ಎಲ್ಲಾ ತೆಳ್ಳಗೇ ಇದ್ದು, ನಿಮ್ಮ ತೂಕ ವರ್ಷಗಳಿಂದ ಒಂದೇ ಕಡೆ ನಿಂತಿದ್ದು, ಸುಸ್ತಿಲ್ಲದೆ ಕೆಲಸ ಮಾಡುತ್ತಿದ್ದೀರಿ, ಪದೇ ಪದೇ ಜ್ವರ-ನೆಗಡಿ ಬರುತ್ತಿಲ್ಲ ಅಂದರೆ, ಗೆರೆಗಿಂತ ಒಂದು ಚೂರು ಕೆಳಗಿದ್ದರೂ ಗಾಬರಿ ಬೇಡ. ಅದು ನಿಮ್ಮ ಮೈಕಟ್ಟು ಇರಬಹುದು.

ಇದ್ದ ತೂಕ ಇಳಿಯುತ್ತಾ ಬಂದರೆ ಮಾತ್ರ ಕತೆ ಬೇರೆ. ನೀವೇನೂ ಪ್ರಯತ್ನ ಮಾಡದೆ ಆರು ತಿಂಗಳು ಒಂದು ವರ್ಷದೊಳಗೆ ನೂರಕ್ಕೆ ಐದರಷ್ಟು ಇಳಿದರೆ, ಅಂದರೆ 60 ಕೆಜಿ ಇದ್ದವರು 57ಕ್ಕೆ ಬಂದರೆ, ಅಡುಗೆಮನೆಗಿಂತ ಮೊದಲು ಆಸ್ಪತ್ರೆಗೆ ಹೋಗಬೇಕು. ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತು ಸಣ್ಣ ಜ್ವರ, ರಾತ್ರಿ ಬೆವರು ಇದ್ದರೆ ಕ್ಷಯ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಚಿಕಿತ್ಸೆ ನಡೆಯುವಷ್ಟು ದಿನ ಊಟಕ್ಕೆಂದು ಸರ್ಕಾರ ಕೊಡುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಮಾಡಿದ್ದಾರೆ. ಕೇಳಿ ಪಡೆದುಕೊಳ್ಳಿ. ಬಾಯಾರಿಕೆ ಜಾಸ್ತಿಯಾಗಿ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾ, ಮೈ ಇಳಿಯುತ್ತಿದ್ದರೆ ಅದು ಸಕ್ಕರೆ ಕಾಯಿಲೆಯ ಗುರುತು. ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಸೆಕೆ ತಡೆಯಲಾಗದಿರುವುದು, ತಿಂದರೂ ಕರಗುವುದು ಇದ್ದರೆ ಥೈರಾಯ್ಡ್ ನೋಡಿಸಿ. ಬರಿಗಾಲಲ್ಲಿ ಹೊಲ-ತೋಟ ಓಡಾಡುವವರ ಹೊಟ್ಟೆಯಲ್ಲಿ ಕೊಕ್ಕೆಹುಳ ಇರಬಹುದು. ಅದು ರಕ್ತ ಹೀರುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಶಾಲೆ-ಅಂಗನವಾಡಿಗಳಲ್ಲಿ ವರ್ಷಕ್ಕೆ ಎರಡು ಸಲ ಜಂತುಹುಳದ ಮಾತ್ರೆ ಕೊಡುವುದು ಇದಕ್ಕೇ. ದೊಡ್ಡವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಬೇಕು. ಮನಸ್ಸಿನ ವಿಷಯವನ್ನೂ ಮರೆಯಬೇಡಿ. ವಾರಗಟ್ಟಲೆ ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದರೆ ಅದಕ್ಕೂ ಚಿಕಿತ್ಸೆ ಇದೆ. ಅದನ್ನು ಸೋಮಾರಿತನ ಅಂತ ಬೈಯಬಾರದು.

ನಮ್ಮ ಹುಡುಗನಿಗೆ ರಕ್ತ, ಸಕ್ಕರೆ, ಥೈರಾಯ್ಡ್, ಮಲ ಪರೀಕ್ಷೆ ಎಲ್ಲಾ ಮಾಡಿಸಿದೆವು. ಏನೂ ಇರಲಿಲ್ಲ. ಮುಂದೆ ಬರೆಯುವುದೆಲ್ಲ ಹೀಗೆ ಕಾಯಿಲೆ ಇಲ್ಲದೆ ತೆಳ್ಳಗಿರುವವರಿಗೆ.

ತಿಂದದ್ದು ಎಲ್ಲಿ ಹೋಗುತ್ತದೆ?

"ಅವನು ನನ್ನಷ್ಟೇ ತಿಂತಾನೆ, ದಪ್ಪ ಆಗ್ತಾನೆ. ನಾನ್ಯಾಕೆ ಆಗಲ್ಲ?" ಇದು ಹೊಟ್ಟೆಕಿಚ್ಚಿನ ಮಾತಲ್ಲ, ನಿಜವಾದ ಪ್ರಶ್ನೆ. ಇದಕ್ಕೆ ಚೆನ್ನಾದ ಉತ್ತರ ಸಿಕ್ಕಿದ್ದು ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ. ಜೇಮ್ಸ್ ಲೆವಿನ್ ಎಂಬ ಡಾಕ್ಟರ್ ಮತ್ತು ಅವರ ಜೊತೆಯವರು ದಪ್ಪಗಿಲ್ಲದ 16 ಮಂದಿಗೆ ಎಂಟು ವಾರ ಕಾಲ ದಿನಾ ಅವರ ಮೈಗೆ ಬೇಕಾದದ್ದಕ್ಕಿಂತ 1,000 ಕ್ಯಾಲೊರಿ ಜಾಸ್ತಿ ತಿನ್ನಿಸಿದರು. ಎಲ್ಲರಿಗೂ ಒಂದೇ ಲೆಕ್ಕ. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಬ್ಬರ ಮೈಯಲ್ಲಿ ಸೇರಿದ ಕೊಬ್ಬು ಅರ್ಧ ಕೆಜಿಯೂ ಇಲ್ಲ. ಇನ್ನೊಬ್ಬರಿಗೆ ನಾಲ್ಕು ಕೆಜಿ ದಾಟಿತ್ತು. ಹತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ!

ಉಳಿದದ್ದು ಎಲ್ಲಿ ಹೋಯಿತು? ತೂಕ ಏರದವರ ಮೈ ತನಗೇ ಗೊತ್ತಿಲ್ಲದೆ ಜಾಸ್ತಿ ಅಲ್ಲಾಡತೊಡಗಿತ್ತು. ಕೂತಲ್ಲಿ ಕಾಲು ಕುಣಿಸುವುದು, ಆಗಾಗ ಎದ್ದು ಓಡಾಡುವುದು, ನಿಂತೇ ಮಾತಾಡುವುದು. ವ್ಯಾಯಾಮ ಅಲ್ಲ, ಬರೀ ಸಣ್ಣಪುಟ್ಟ ಚಲನೆ. ಅದರಲ್ಲೇ ಕೆಲವರು ದಿನಕ್ಕೆ 600 ಕ್ಯಾಲೊರಿಗಿಂತ ಜಾಸ್ತಿ ಖರ್ಚು ಮಾಡುತ್ತಿದ್ದರು. ಇದನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ನಮ್ಮ ಹುಡುಗ ಓದುವಾಗ ಅಲುಗಾಡುವ ಅವನ ಬಲಗಾಲು. ಮಂಚವೇ ಕಿರ್ರ್ ಅನ್ನುತ್ತಿರುತ್ತದೆ.

ಹಾಗಾದರೆ ಅಂಥ ಮೈ ಇರುವವರಿಗೆ ದಾರಿಯೇ ಇಲ್ಲವಾ? ಇದೆ. ಅವರು ಉಳಿದವರಿಗಿಂತ ಸ್ವಲ್ಪ ಜಾಸ್ತಿ ಸೇರಿಸಬೇಕು, ಜಾಸ್ತಿ ದಿನ ಕಾಯಬೇಕು. ಮೈಗೆ ಹತ್ತಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ನಿಧಾನವಾಗಿ ಹತ್ತುತ್ತದೆ ಅನ್ನುವುದು ನಿಜ.

ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದ ಲೆಕ್ಕ

ಒಂದು ಭಾನುವಾರ ಹುಡುಗನನ್ನು ಕೂರಿಸಿಕೊಂಡು, ಹಿಂದಿನ ದಿನ ತಿಂದದ್ದನ್ನೆಲ್ಲ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಸಿದೆ. ಬೆಳಿಗ್ಗೆ ಆರೂವರೆಗೆ ಟೀ, ಎರಡು ಬಿಸ್ಕತ್ತು. ಏಳು ಗಂಟೆಗೆ ಕೋಲಾರದ ಬಸ್ಸು, ಕಾಲೇಜಿಗೆ. ಹತ್ತೂವರೆಗೆ ಕ್ಯಾಂಟೀನಿನಲ್ಲಿ ಇಡ್ಲಿ. ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ಟೀ, ಎರಡು ಬಜ್ಜಿ. ರಾತ್ರಿ ಒಂಬತ್ತಕ್ಕೆ ಒಂದು ಮುದ್ದೆ, ಸೊಪ್ಪಿನ ಸಾರು, ಒಂದು ಹಿಡಿ ಅನ್ನ, ಮಜ್ಜಿಗೆ. ಕೂಡಿದರೆ ಸುಮಾರು 1,900 ಕ್ಯಾಲೊರಿ. ಅವನ ವಯಸ್ಸು, ಎತ್ತರ, ಓಡಾಟಕ್ಕೆ ದಿನಕ್ಕೆ ಹತ್ತಿರ ಹತ್ತಿರ 2,000 ಬೇಕು. ಅಂದರೆ ಬಂದದ್ದು ಬಂದಹಾಗೆ ಖರ್ಚು. ಉಳಿಯುವುದಕ್ಕೆ ಏನೂ ಇಲ್ಲ.

"ಎಷ್ಟು ತಿಂದರೂ" ಅಂದವನು ಹಾಳೆ ನೋಡಿ ಸುಮ್ಮನಾದ. ಅವನು ಸುಳ್ಳು ಹೇಳಿರಲಿಲ್ಲ. ಊಟ ಮಾಡಿದಾಗಲೆಲ್ಲ ಅವನ ಹೊಟ್ಟೆ ತುಂಬುತ್ತಿತ್ತು. ವಿಷಯದ ಗಂಟು ಇರುವುದೇ ಇಲ್ಲಿ. ಹೊಟ್ಟೆ ನೋಡುವುದು ಎಷ್ಟು ಜಾಗ ತುಂಬಿತು ಅನ್ನುವುದನ್ನು. ಮೈ ನೋಡುವುದು ಎಷ್ಟು ಶಕ್ತಿ ಬಂತು ಅನ್ನುವುದನ್ನು. ಎರಡೂ ಒಂದೇ ಅಲ್ಲ.

ಮುದ್ದೆಯನ್ನೇ ನೋಡಿ. 100 ಗ್ರಾಂ ರಾಗಿಹಿಟ್ಟಿನಲ್ಲಿ 320 ಕ್ಯಾಲೊರಿಯಷ್ಟು ಶಕ್ತಿ ಇದೆ. ಅದನ್ನು ಎಸರಿಗೆ ಹಾಕಿ ಕೋಲಿನಿಂದ ತಿರುವಿ ಕಟ್ಟಿದರೆ, ಹಿಟ್ಟಿನ ಎರಡರಷ್ಟು ನೀರು ಒಳಗೆ ಸೇರಿ ಅಂಗೈ ತುಂಬುವ ಮುದ್ದೆ ಆಗುತ್ತದೆ. ಹೊಟ್ಟೆ ಗಟ್ಟಿಯಾಗಿ ತುಂಬುತ್ತದೆ, ಬೇಗ ಹಸಿವಾಗುವುದಿಲ್ಲ. ತೂಕ ಇಳಿಸಬೇಕಾದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಏರಿಸಬೇಕಾದವರು ಇದರ ಜೊತೆಗೆ ನೀರು ಸಾರು ಕುಡಿದರೆ ಜಾಗ ತುಂಬಿತು, ಶಕ್ತಿ ಬರಲಿಲ್ಲ. ಹಾಗಂತ ಮುದ್ದೆ ಬಿಡಬೇಕಾಗಿಲ್ಲ. ಬಿಡಲೂಬಾರದು. ರಾಗಿಯಲ್ಲಿ ಇರುವಷ್ಟು ಕ್ಯಾಲ್ಸಿಯಂ ಅಕ್ಕಿ-ಗೋಧಿಯಲ್ಲಿ ಇಲ್ಲ. ಮುದ್ದೆ ಅದೇ ಇರಲಿ, ಅದರ ಜೊತೆ ಇರುವುದು ಬದಲಾಗಲಿ.

ನಮ್ಮಮ್ಮ ಇದನ್ನು ಯಾವ ಲೆಕ್ಕವೂ ಇಲ್ಲದೆ ಮಾಡಿದರು. ಒದ್ದೆ ಕೈಯಲ್ಲಿ ಮುದ್ದೆ ಉರುಟಿ ಮೊಮ್ಮಗನ ತಟ್ಟೆಗೆ ಇಟ್ಟರು. ಬಿಸಿ ಹಬೆ ಏಳುತ್ತಿರುವಾಗಲೇ ಹೆಬ್ಬೆರಳಿನಿಂದ ಮುದ್ದೆಯ ನೆತ್ತಿಯಲ್ಲಿ ಒಂದು ಗುಳಿ ಮಾಡಿ, ಅದರೊಳಗೆ ಎರಡು ಚಮಚ ತುಪ್ಪ ಬಿಟ್ಟರು. ತುಪ್ಪ ಕರಗಿ ಅಂಚಿನಿಂದ ಇಳಿದು ಸಾರಿಗೆ ಸೇರಿತು. ಒಂದು ಸಣ್ಣ ಚಮಚ ತುಪ್ಪ ಅಂದರೆ 45 ಕ್ಯಾಲೊರಿ. ಎರಡಕ್ಕೆ 90. ಹೊಟ್ಟೆಯಲ್ಲಿ ಅದಕ್ಕೆ ಬೇಕಾದ ಜಾಗ ಏನೇನೂ ಇಲ್ಲ. ತೂಕ ಏರಿಸುವ ಗುಟ್ಟು ಅಂತ ಒಂದಿದ್ದರೆ ಆ ಗುಳಿಯಲ್ಲಿದೆ ಅಂತ ನನಗನ್ನಿಸಿತು.

ಎಷ್ಟು ಸೇರಿಸಬೇಕು? ದಿನಕ್ಕೆ 300ರಿಂದ 500 ಕ್ಯಾಲೊರಿ ಸಾಕು. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಆ ಲೆಕ್ಕದಲ್ಲಿ ದಿನಾ 400 ಉಳಿದರೆ ತಿಂಗಳಿಗೆ ಒಂದೂವರೆ ಕೆಜಿ ಏರಬೇಕು. ನಡುವೆ ಹುಷಾರು ತಪ್ಪುತ್ತದೆ, ಪರೀಕ್ಷೆ ಬರುತ್ತದೆ, ಕಾಲು ಕುಣಿಯುತ್ತದೆ. ತಿಂಗಳಿಗೆ ಮುಕ್ಕಾಲು ಕೆಜಿ ಏರಿದರೂ ಚೆನ್ನಾಗಿಯೇ ನಡೆಯುತ್ತಿದೆ ಅಂತ ತಿಳಿಯಿರಿ. ಬಹಳ ದಿನ ಸರಿಯಾಗಿ ಊಟವೇ ಇಲ್ಲದೆ ತೀರಾ ಸೊರಗಿದವರು ಮಾತ್ರ ಒಮ್ಮೆಗೇ ಜಾಸ್ತಿ ತಿನ್ನಬಾರದು. ರಕ್ತದಲ್ಲಿನ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯ ಆಗಬಹುದು. ಅವರು ಡಾಕ್ಟರ ಕಣ್ಣಳತೆಯಲ್ಲೇ ಇರಬೇಕು.

ಹುಡುಗನ ದಿನಚರಿಗೆ ನಾವು ಸೇರಿಸಿದ್ದು ಇಷ್ಟೇ. ಬೆಳಿಗ್ಗೆ ಟೀ ಬದಲು ಒಂದು ಲೋಟ ಹಾಲಿಗೆ ಎರಡು ದೊಡ್ಡ ಚಮಚ ರಾಗಿ ಹುರಿಹಿಟ್ಟು, ಒಂದು ಚೂರು ಬೆಲ್ಲ. ಸುಮಾರು 220 ಕ್ಯಾಲೊರಿ. ಬಸ್ಸಿಗೆ ಓಡುವ ಹೊತ್ತಲ್ಲಿ ಅಗಿಯಲು ಪುರುಸೊತ್ತಿಲ್ಲ, ಕುಡಿಯುವುದು ಸುಲಭ. ಪ್ಯಾಂಟಿನ ಜೇಬಿನಲ್ಲಿ ಒಂದು ಹಿಡಿ ಹುರಿದ ಕಡಲೆಬೀಜ, ಸುಮಾರು 30 ಗ್ರಾಂ. ಅದರಲ್ಲಿ 160 ಕ್ಯಾಲೊರಿ. ಸಂಜೆ ಬಜ್ಜಿ ಬದಲು ಎರಡು ಬಾಳೆಹಣ್ಣು. ರಾತ್ರಿ ಮುದ್ದೆಯ ಮೇಲೆ ತುಪ್ಪ. ವಾರಕ್ಕೆ ನಾಲ್ಕು ದಿನ ಎರಡು ಬೇಯಿಸಿದ ಮೊಟ್ಟೆ. ಬಿಟ್ಟದ್ದನ್ನು ಕಳೆದರೂ ದಿನಕ್ಕೆ 400ರಷ್ಟು ಜಾಸ್ತಿ ಬಿತ್ತು. ಊಟದ ತಟ್ಟೆ ದೊಡ್ಡದಾಗಲಿಲ್ಲ. ಯಾರೂ ಬಲವಂತ ಮಾಡಲಿಲ್ಲ.

ಟೀ ಬಗ್ಗೆ ನಾನು ಸ್ವಲ್ಪ ಹಟ ಹಿಡಿದೆ. ಖಾಲಿ ಹೊಟ್ಟೆಗೆ ಟೀ ಬಿದ್ದರೆ ಹಸಿವು ಸತ್ತುಹೋಗುತ್ತದೆ. ಊಟದ ಜೊತೆ ಕುಡಿದರೆ ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಸೇರದಂತೆ ಮಾಡುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಟೀ-ಕಾಫಿ ಬೇಡ ಅಂತ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಹೈದರಾಬಾದಿನ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ನೀರನ್ನೂ ಊಟಕ್ಕೆ ಮುಂಚೆ ಗಟಗಟ ಕುಡಿಯಬೇಡಿ. ಆಮೇಲೆ ಕುಡಿಯಿರಿ.

ನಮ್ಮ ಮಣ್ಣಿನಲ್ಲೇ ಇದೆ

ತೂಕ ಏರಿಸಲು ದುಬಾರಿ ಪದಾರ್ಥ ಬೇಕು ಅನ್ನುವುದು ತಪ್ಪು. ಚಿಂತಾಮಣಿ, ಪಾವಗಡದ ಕಡಲೆಕಾಯಿ ನೋಡಿ. 100 ಗ್ರಾಂ ಬೀಜದಲ್ಲಿ 500 ಕ್ಯಾಲೊರಿಗೂ ಜಾಸ್ತಿ, ಪ್ರೋಟೀನ್ 24 ಗ್ರಾಂ ಹತ್ತಿರ. ಬಾದಾಮಿಗೂ ಇದಕ್ಕೂ ಈ ವಿಷಯದಲ್ಲಿ ಅಂಥ ವ್ಯತ್ಯಾಸವೇ ಇಲ್ಲ, ಬೆಲೆಯಲ್ಲಿ ಮಾತ್ರ ಇದೆ. ಒಂದು ಎಚ್ಚರಿಕೆ: ಬೂಷ್ಟು ಹಿಡಿದ, ಕಹಿಯಾದ, ಮುರುಟಿದ ಬೀಜ ಬಿಸಾಡಿ. ಆ ಬೂಷ್ಟಿನ ವಿಷ ಈಲಿಗೆ, ಅಂದರೆ ಲಿವರ್‌ಗೆ, ಕೆಡುಕು. ಹುರಿದರೂ ಪೂರ್ತಿ ಹೋಗುವುದಿಲ್ಲ.

ತಿಪಟೂರಿನ ಕೊಬ್ಬರಿ, ಕಡಲೆಬೀಜ, ಹುರಿಗಡಲೆ, ಎಳ್ಳು, ಬೆಲ್ಲ. ಈ ಐದನ್ನೂ ಸೇರಿಸಿದರೆ ಏನಾಗುತ್ತದೆ? ಸಂಕ್ರಾಂತಿಯ ಎಳ್ಳುಬೆಲ್ಲ! ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ ಒಂದು ದೋಸೆ ತಿಂದಷ್ಟು ಶಕ್ತಿ. ಚಳಿಗಾಲದಲ್ಲಿ ಮೈಗೆ ಬೇಕಾದದ್ದನ್ನು ಹಿರಿಯರು ಹಬ್ಬ ಮಾಡಿ ಹಂಚಿದರು. ತೆಳ್ಳಗಿರುವ ಮಕ್ಕಳಿರುವ ಮನೆಯಲ್ಲಿ ಇದು ಜನವರಿಗೇ ಯಾಕೆ ಮುಗಿಯಬೇಕು? ನಮ್ಮ ಮನೆಯಲ್ಲಿ ಈಗ ಒಂದು ಡಬ್ಬಿ ವರ್ಷವಿಡೀ ಇರುತ್ತದೆ. ಶ್ರಾವಣದಲ್ಲಿ ತಂಬಿಟ್ಟು ಮಾಡುವಾಗಲೂ ನಾಲ್ಕು ಉಂಡೆ ಜಾಸ್ತಿ ಕಟ್ಟುತ್ತಾರೆ.

ಬಸ್ಸಾರಿನ ವಿಷಯಕ್ಕೆ ಬರಬೇಕು. ನಮ್ಮ ಕಡೆ ವಾರಕ್ಕೆರಡು ಸಲ ಬಸ್ಸಾರು ಆಗದ ಮನೆ ಇಲ್ಲ. ಸೊಪ್ಪು-ಕಾಳು ಬೇಯಿಸಿ, ಕಟ್ಟು ಬಸಿದು ಸಾರು ಮಾಡುತ್ತೇವೆ. ಬಸಿದ ಸೊಪ್ಪು-ಕಾಳು ಪಲ್ಯ ಆಗುತ್ತದೆ. ಪ್ರೋಟೀನ್ ಹೆಚ್ಚಿರುವುದು ಕಾಳಿನಲ್ಲಿ, ಅಂದರೆ ಪಲ್ಯದಲ್ಲಿ. ಆದರೆ ಮುದ್ದೆ ನುಂಗುವವರು ಸಾರನ್ನು ಮೂರು ಸಲ ಹಾಕಿಸಿಕೊಂಡು, ಪಲ್ಯವನ್ನು ತಟ್ಟೆಯ ಮೂಲೆಯಲ್ಲಿ ಒಂದು ಚೂರು ಇಟ್ಟುಕೊಳ್ಳುತ್ತಾರೆ. ತೂಕ ಬೇಕಾದವರು ಇದನ್ನು ತಿರುಗಿಸಬೇಕು. ಪಲ್ಯ ಎರಡು ಸೌಟು, ಮೇಲೆ ಕೈತುಂಬ ತೆಂಗಿನತುರಿ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರಂತೂ ಗಟ್ಟಿಯಾಗಿಯೇ ಇರಲಿ, ನೀರು ಬೆರೆಸಿ ಹಿಗ್ಗಿಸಬೇಡಿ. ಉಪ್ಸಾರಿನ ದಿನ ಹುಚ್ಚೆಳ್ಳು ಚಟ್ನಿಪುಡಿಗೆ ಒಂದು ಚಮಚ ಎಣ್ಣೆ ಹಾಕಿ ಕಲಸಿಕೊಳ್ಳಿ.

ಇನ್ನು ಹಾಲು. ಇದನ್ನು ಬರೆಯುವಾಗ ನನಗೆ ಸಂಕಟ ಆಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಹಾಲಿನ ಸೀಮೆ. ಎರಡು ಹಸು ಇಲ್ಲದ ಮನೆ ಹಳ್ಳಿಯಲ್ಲಿ ಕಮ್ಮಿ. ಬೆಳಿಗ್ಗೆ-ಸಂಜೆ ಕ್ಯಾನ್ ಹಿಡಿದು ಡೇರಿ ಮುಂದೆ ಸಾಲು ನಿಲ್ಲುತ್ತೇವೆ. ಮನೆಗೆ ಉಳಿಯುವುದು ಟೀಗೆ ಬೇಕಾದಷ್ಟು, ಅದಕ್ಕೂ ನೀರು ಬೆರೆಸಿದ್ದು. ಹಾಲು ಕರೆಯುವ ಮನೆಯ ಮಗುವಿನ ಲೋಟದಲ್ಲೇ ಹಾಲಿಲ್ಲ. ಹಸುವಿನ ಸಾಲ, ಹಿಂಡಿಯ ಖರ್ಚು ಎಲ್ಲಾ ನನಗೂ ಗೊತ್ತು. ನಾವೂ ಹಾಗೇ ಬದುಕಿದವರು. ಆದರೂ ಕೇಳಿಕೊಳ್ಳುತ್ತೇನೆ, ದಿನಕ್ಕೆ ಅರ್ಧ ಲೀಟರ್ ಮನೆಯಲ್ಲಿ ಉಳಿಸಿಕೊಳ್ಳಿ. ಕೊಂಡು ಕುಡಿಯುವವರು ಪ್ಯಾಕೆಟ್ ಆರಿಸುವಾಗ ಕೊಬ್ಬಿನ ಅಂಶ ನೋಡಿ. ನಂದಿನಿಯ ನೀಲಿ ಪ್ಯಾಕೆಟ್ಟಿನಲ್ಲಿ ಶೇ. 3 ಕೊಬ್ಬು ಇರುತ್ತದೆ, ಇನ್ನೂ ಗಟ್ಟಿ ಹಾಲಿನಲ್ಲಿ ಶೇ. 6ರ ತನಕ. ತೆಳ್ಳಗಿರುವವರಿಗೆ ಗಟ್ಟಿ ಹಾಲೇ ಸರಿ. ಹಾಲು ಕುಡಿದರೆ ಹೊಟ್ಟೆ ಉಬ್ಬರ ಆಗುವವರು ಮೊಸರು ತಿನ್ನಿ.

ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಾವು ಬರುತ್ತದೆ. ಒಂದು ಹಣ್ಣನ್ನು ಹಾಲಿಗೆ ಹಿಂಡಿ ಕುಡಿದರೆ ಒಂದು ಸಣ್ಣ ಊಟದಷ್ಟು ಆಗುತ್ತದೆ. ಹೆಚ್ಚು ಹೇಳಬೇಕಾಗಿಲ್ಲ.

ಕೂತು ತಿಂದರೆ ಹೊಟ್ಟೆ, ದುಡಿಸಿ ತಿಂದರೆ ಮೈ

2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಫೋಟೊ ಬಂತು. ಇಬ್ಬರು ಡಾಕ್ಟರುಗಳು ಅಕ್ಕಪಕ್ಕ ನಿಂತಿದ್ದಾರೆ. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಮೈಯೊಳಗಿನ ಕೊಬ್ಬು ಅಳೆದರೆ ಯುಡ್ಕಿನ್ ಅವರದ್ದು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2. ಒಂದೇ ಬಿಎಂಐ, ಎರಡರಷ್ಟು ಕೊಬ್ಬು. ಹೊರಗೆ ಸಣ್ಣ ಕಂಡರೂ ಒಳಗೆ ಕೊಬ್ಬು ಜಾಸ್ತಿ, ಮಾಂಸಖಂಡ ಕಮ್ಮಿ, ಇದು ನಮ್ಮ ದೇಶದವರ ಮೈಯ ಸ್ವಭಾವ ಅಂತ ಅವರು ತೋರಿಸಿದರು. ಸಕ್ಕರೆ ಕಾಯಿಲೆ ನಮ್ಮಲ್ಲಿ ಸಣ್ಣಗಿರುವವರಿಗೂ ಬರುವುದಕ್ಕೆ ಇದೊಂದು ಕಾರಣ.

ಹಾಗಾಗಿ "ಏನಾದರೂ ತಿಂದು ದಪ್ಪ ಆಗು" ಅನ್ನುವುದು ನಮಗೆ ಅಪಾಯದ ಸಲಹೆ. ಪಫ್ಸು, ಬಜ್ಜಿ, ಕೂಲ್‌ಡ್ರಿಂಕ್ಸ್ ತಿಂದು ಕುಡಿದರೂ ತೂಕ ಏರುತ್ತದೆ. ಅದು ಏರುವುದು ಹೊಟ್ಟೆಯ ಸುತ್ತ. ಕೈಕಾಲು ಕಡ್ಡಿಯ ಹಾಗೇ ಇರುತ್ತವೆ. ಬಿಯರ್ ಕುಡಿದರೆ ಮೈ ಬರುತ್ತದೆ ಅಂತ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಹೆಂಡ ಮಾಂಸಖಂಡ ಬೆಳೆಯುವುದನ್ನೇ ತಡೆಯುತ್ತದೆ. ಆ ದಾರಿ ಖಂಡಿತ ಬೇಡ.

ತಿಂದದ್ದು ಮಾಂಸಖಂಡ ಆಗಬೇಕಾದರೆ ಖಂಡಕ್ಕೆ ಭಾರ ಬೀಳಬೇಕು. ಭಾರ ಎತ್ತಿದಾಗ ಖಂಡದ ಎಳೆಗಳಿಗೆ ಒತ್ತಡ ಆಗುತ್ತದೆ. ಆಮೇಲೆ ವಿಶ್ರಾಂತಿಯಲ್ಲಿ, ನಿದ್ದೆಯಲ್ಲಿ, ಊಟದ ಪ್ರೋಟೀನ್ ಬಳಸಿಕೊಂಡು ಮೈ ಆ ಎಳೆಗಳನ್ನು ಮೊದಲಿಗಿಂತ ದಪ್ಪ ಮಾಡಿ ಕಟ್ಟುತ್ತದೆ. ಭಾರ, ಊಟ, ನಿದ್ದೆ, ಮೂರರಲ್ಲಿ ಒಂದು ತಪ್ಪಿದರೂ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಜಿಮ್ಮೇ ಬೇಕು ಅಂತಿಲ್ಲ. ಗರಡಿಮನೆಯವರು ದಂಡ-ಬಸ್ಕಿ ಹೊಡೆದೇ ಮೈ ಕಟ್ಟಿದವರು. ನಮ್ಮ ಹುಡುಗ ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ, ಅರ್ಧ ಗಂಟೆ ಮಾಡುತ್ತಾನೆ. ಮೊದಲ ವಾರ ಹತ್ತು ಬಸ್ಕಿ, ಆರು ದಂಡಕ್ಕೇ ತೊಡೆ ನಡುಗುತ್ತಿತ್ತು. ಆಮೇಲೆ ಇಪ್ಪತ್ತು ಲೀಟರ್ ನೀರಿನ ಕ್ಯಾನಿಗೆ ಮೊದಲು ಕಾಲುಭಾಗ ನೀರು, ತಿಂಗಳ ಮೇಲೆ ಅರ್ಧ, ಹಾಗೆ ಏರಿಸುತ್ತಾ ಎದೆಗೆ ಅಪ್ಪಿ ಹಿಡಿದು ಕೂತು ಏಳುತ್ತಿದ್ದ. ಭಾರ ಏರುತ್ತಾ ಹೋಗಬೇಕು. ಅಷ್ಟರಲ್ಲೇ ನಿಂತರೆ ಖಂಡವೂ ಅಷ್ಟರಲ್ಲೇ ನಿಲ್ಲುತ್ತದೆ. ಸಂಜೆ ಕ್ರಿಕೆಟ್ ಬಿಡಿಸಲಿಲ್ಲ. ಆಡಿದ ದಿನ ಇನ್ನೊಂದು ಬಾಳೆಹಣ್ಣು ಅಂತ ಮಾತಾಯಿತು.

ಪ್ರೋಟೀನ್ ಎಷ್ಟು ಬೇಕು? ಸಾಮಾನ್ಯ ಜನಕ್ಕೆ ತೂಕದ ಒಂದು ಕೆಜಿಗೆ ದಿನಕ್ಕೆ 0.83 ಗ್ರಾಂ ಅಂತ ಐಸಿಎಂಆರ್ ಲೆಕ್ಕ. ಭಾರ ಎತ್ತಿ ಮೈ ಬೆಳೆಸುವವರಿಗೆ 1.2ರಿಂದ 1.6 ಗ್ರಾಂ. ನಮ್ಮ ಹುಡುಗನಿಗೆ 60 ಗ್ರಾಂ ದಾಟಬೇಕು. ಮೊದಲು ತಿನ್ನುತ್ತಿದ್ದ ಊಟದಲ್ಲಿ 40ರ ಹತ್ತಿರ ಬರುತ್ತಿತ್ತು. ಒಂದು ಲೋಟ ಹಾಲಿನಿಂದ 6, ಕಡಲೆಬೀಜದಿಂದ 7, ಎರಡು ಮೊಟ್ಟೆಯಿಂದ 12 ಸೇರಿದ ದಿನ ಲೆಕ್ಕ ಮುಟ್ಟಿತು. ಮೊಟ್ಟೆ ತಿನ್ನದವರಿಗೆ ಹೆಸರುಕಾಳು, ಹುರುಳಿ, ಗಟ್ಟಿ ಮೊಸರು, ಸೋಯಾ ಇವೆ. 100 ಗ್ರಾಂ ಒಣ ಸೋಯಾ ಉಂಡೆಯಲ್ಲಿ 50 ಗ್ರಾಂ ಪ್ರೋಟೀನ್ ಇರುತ್ತದೆ. ಮೊಟ್ಟೆ ತಿನ್ನುವವರು ಹಸಿಯದ್ದನ್ನು ಹಾಲಿಗೆ ಒಡೆದು ಕುಡಿಯಬೇಡಿ. ಬೇಯಿಸಿದ್ದರ ಪ್ರೋಟೀನೇ ಮೈಗೆ ಚೆನ್ನಾಗಿ ಸೇರುತ್ತದೆ, ರೋಗದ ಭಯವೂ ಇರುವುದಿಲ್ಲ.

ಡಬ್ಬಿ ಪುಡಿಗಳ ಬಗ್ಗೆ

ನನ್ನ ದೂರದ ತಂಗಿಯೊಬ್ಬಳಿಗೆ ಮದುವೆ ಗೊತ್ತಾಗುವ ಮುಂಚೆ ಹೀಗಾಯಿತು. "ಹುಡುಗಿ ತೀರಾ ಸಣ್ಣ" ಅಂತ ಎರಡು ಕಡೆಯವರು ಅಂದುಹೋದರು. ಯಾರೋ ಒಂದು ಪುಡಿ ತಂದುಕೊಟ್ಟರು. ಗಿಡಮೂಲಿಕೆಯದು, ಏನೂ ತೊಂದರೆ ಇಲ್ಲ ಅಂದರು. ಡಬ್ಬಿ ಮೇಲೆ ಏನೇನು ಬೆರೆಸಿದ್ದಾರೆ ಅಂತ ಬರೆದಿರಲಿಲ್ಲ. ಮೂರೇ ವಾರದಲ್ಲಿ ಅವಳ ಕೆನ್ನೆ ಗುಂಡಾಯಿತು. ಮನೆಯವರೆಲ್ಲ ಖುಷಿ. ನಾನು ನೋಡಲು ಹೋದಾಗ ಅವಳು ಕೂತಲ್ಲಿಂದ ಏಳಲು ಗೋಡೆ ಹಿಡಿಯುತ್ತಿದ್ದಳು. ಮುಖ ಉಬ್ಬಿತ್ತು, ತೋಳು ಹಾಗೇ ಕಡ್ಡಿ. ಪಾದದ ಮೇಲೆ ಬೆರಳೊತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಡಾಕ್ಟರ್ ಡಬ್ಬಿ ನೋಡಿ, ಇದರಲ್ಲಿ ಸ್ಟೆರಾಯ್ಡ್ ಇರುವ ಹಾಗಿದೆ ಅಂದರು.

ಹೀಗೆ ಬೇಗ ದಪ್ಪ ಮಾಡುವ ಎಷ್ಟೋ ಪುಡಿ-ಮಾತ್ರೆಗಳಲ್ಲಿ ಡೆಕ್ಸಾಮೆಥಸೋನ್ ಥರದ ಸ್ಟೆರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಅದು ಹಸಿವು ಹೆಚ್ಚಿಸುತ್ತದೆ, ಮೈಯಲ್ಲಿ ನೀರು ನಿಲ್ಲಿಸುತ್ತದೆ, ಮುಖಕ್ಕೆ ಮತ್ತು ಹೊಟ್ಟೆಗೆ ಕೊಬ್ಬು ಸೇರಿಸುತ್ತದೆ. ಇನ್ನೊಂದು ಕಡೆ ಮಾಂಸಖಂಡ ಕರಗಿಸುತ್ತದೆ, ಮೂಳೆ ಟೊಳ್ಳು ಮಾಡುತ್ತದೆ, ಸಕ್ಕರೆ ಏರಿಸುತ್ತದೆ. ಅದಕ್ಕಿಂತ ಕೆಟ್ಟದ್ದು, ಬಹಳ ದಿನ ತೆಗೆದುಕೊಂಡು ತಟ್ಟನೆ ಬಿಟ್ಟರೂ ಅಪಾಯ. ಹೊರಗಿನಿಂದ ಸ್ಟೆರಾಯ್ಡ್ ಬರುತ್ತಿದೆ ಅಂತ ಮೈ ತನ್ನದನ್ನು ಮಾಡುವುದನ್ನೇ ನಿಲ್ಲಿಸಿರುತ್ತದೆ. ಬಿಟ್ಟ ಕೂಡಲೇ ರಕ್ತದೊತ್ತಡ ಕುಸಿಯಬಹುದು. ಅದಕ್ಕೇ ಇಂಥದ್ದನ್ನು ತೆಗೆದುಕೊಳ್ಳುತ್ತಿರುವವರು ಇವತ್ತೇ ಬಿಸಾಡದೆ, ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ. ನಿಧಾನವಾಗಿ ಬಿಡಿಸುವ ಕ್ರಮ ಅವರಿಗೆ ಗೊತ್ತಿರುತ್ತದೆ. ಆ ತಂಗಿ ಹಾಗೇ ಬಿಟ್ಟಳು. ಈಗ ಚೆನ್ನಾಗಿದ್ದಾಳೆ.

ಹಸಿವಿನ ಟಾನಿಕ್ ಅಂತ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವುದೂ ಬೇಡ. ಕೆಲವದರಲ್ಲಿ ಸೈಪ್ರೊಹೆಪ್ಟಡಿನ್ ಎಂಬ ಅಲರ್ಜಿ ಔಷಧಿ ಇರುತ್ತದೆ. ಕುಡಿದಷ್ಟು ದಿನ ಹಸಿವು, ಜೊತೆಗೆ ತೂಕಡಿಕೆ. ನಿಲ್ಲಿಸಿದರೆ ಮತ್ತೆ ಮೊದಲಿನ ಹಾಗೆ. ಜಿಮ್ ಅಂಗಡಿಯ ಮಾಸ್ ಗೇನರ್ ಡಬ್ಬಿಗಳಲ್ಲಿ ಬಹುಪಾಲು ಇರುವುದು ಪಿಷ್ಟ, ಸಕ್ಕರೆ, ಸ್ವಲ್ಪ ಹಾಲಿನ ಪ್ರೋಟೀನ್. ಸಾವಿರಾರು ರೂಪಾಯಿ ಕೊಟ್ಟು ತರುವುದು ಅದನ್ನೇ. ಹುರಿಹಿಟ್ಟು, ಬೆಲ್ಲ, ಹಾಲು ಬೆರೆಸಿದ ಲೋಟದಲ್ಲಿ ಇರುವುದೂ ಅದೇ ಅಲ್ವಾ?

ಹೆಂಗಸರ ಬಗ್ಗೆ ಬೇರೆಯಾಗಿ ಒಂದು ಮಾತು. ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಶೇ. 57 ಹೆಂಗಸರಿಗೆ ರಕ್ತಹೀನತೆ ಇತ್ತು. ರಕ್ತ ಕಮ್ಮಿ ಇದ್ದರೆ ಹಸಿವೂ ಕಮ್ಮಿ, ಕೆಲಸ ಮಾಡಲು ಆಗುವುದಿಲ್ಲ, ಖಂಡ ಬೆಳೆಯುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದು ತಿನ್ನುವವರ ತಟ್ಟೆಗೆ ಪಲ್ಯ ಬರುವುದಿಲ್ಲ, ಸಾರಿನ ನೀರು ಬರುತ್ತದೆ. ನಮ್ಮಕ್ಕನೇ ಅದಕ್ಕೆ ಉದಾಹರಣೆ. ಮಗನ ತೂಕದ ಚಿಂತೆಯಲ್ಲಿದ್ದವಳ ತೂಕ ನೋಡಿದರೆ 41 ಕೆಜಿ. ಈಗ ಮನೆಯಲ್ಲಿ ಮುದ್ದೆ ಇಕ್ಕುವಾಗ ಅವಳ ತಟ್ಟೆಯನ್ನೂ ಜೊತೆಗೇ ಇಡುತ್ತೇವೆ. ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣದ ಮಾತ್ರೆಯೂ ನಡೆಯುತ್ತಿದೆ.

ಗೌರಿ ಹಬ್ಬದ ಹೊತ್ತಿಗೆ

ತೂಕ ನೋಡುವುದು ವಾರಕ್ಕೆ ಒಂದೇ ಸಲ. ಬೆಳಿಗ್ಗೆ ಎದ್ದು ಬಹಿರ್ದೆಸೆ ಮುಗಿಸಿ, ಏನೂ ತಿನ್ನುವ ಮೊದಲು, ಒಂದೇ ತಕ್ಕಡಿಯಲ್ಲಿ. ದಿನಾ ನೋಡಿದರೆ ನೀರಿನ ಏರಿಳಿತಕ್ಕೇ ಒಂದು ಕೆಜಿ ಅತ್ತಿತ್ತ ಆಗುತ್ತದೆ, ಸುಮ್ನೆ ಬೇಜಾರು. ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟ, ತೋಳು, ತೊಡೆ ಅಳೆಯಿರಿ. ತೋಳು-ತೊಡೆ ಬೆಳೆಯುತ್ತಿದ್ದರೆ ದಾರಿ ಸರಿ ಇದೆ. ಸೊಂಟ ಒಂದೇ ಬೆಳೆಯುತ್ತಿದ್ದರೆ ಸಿಹಿ ಕಮ್ಮಿ ಮಾಡಿ, ಬಸ್ಕಿ ಜಾಸ್ತಿ ಮಾಡಿ. ಮೂರು ವಾರ ಕಳೆದರೂ ಅಂಕಿ ಅಲ್ಲಾಡದಿದ್ದರೆ ಇನ್ನೊಂದು ಹಿಡಿ ಕಡಲೆಬೀಜ ಸೇರಿಸಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಇದನ್ನು ಓದಿ ತಾವೇ ಶುರು ಮಾಡಬಾರದು. ಅವರ ಊಟದ ಲೆಕ್ಕ ಬೇರೆ.

ಮೊದಲ ತಿಂಗಳು ಹುಡುಗ ಏರಿದ್ದು 400 ಗ್ರಾಂ. ಬಿಟ್ಟುಬಿಡುತ್ತೇನೆ ಅಂದ. ಎರಡನೇ ತಿಂಗಳು ಒಂದು ಕೆಜಿ. ಏಪ್ರಿಲ್‌ನಲ್ಲಿ ಜ್ವರ ಬಂದು 800 ಗ್ರಾಂ ಇಳಿದ. ಮತ್ತೆ ಶುರು ಮಾಡಿದ. ಗೌರಿ ಹಬ್ಬದ ವಾರ ಅದೇ ಮಂಡಿಯ ಅದೇ ತಕ್ಕಡಿ ಹತ್ತಿದ. 54.8. ಬಿಎಂಐ 19.4. ಸೊಂಟ ಒಂದು ಇಂಚೂ ಬೆಳೆದಿರಲಿಲ್ಲ, ಅಂಗಿಯ ತೋಳು ಮಾತ್ರ ಬಿಗಿಯಾಗಿತ್ತು.

ವಾಪಸ್ ಬಸ್ಸಿನಲ್ಲಿ ಕೇಳಿದ, "ಮಾವ, ಇನ್ನು ತುಪ್ಪ, ಕಡಲೆಬೀಜ ಎಲ್ಲಾ ನಿಲ್ಲಿಸಬಹುದಾ?"

ಬೇಡಪ್ಪಾ ಅಂದೆ. 49 ಕೆಜಿಯ ಮೈಗೆ ಬೇಕಾಗುತ್ತಿದ್ದದ್ದಕ್ಕಿಂತ 55 ಕೆಜಿಯ ಮೈಗೆ ದಿನಾ ಜಾಸ್ತಿ ಬೇಕು. ಹಳೇ ಊಟಕ್ಕೆ ಹೋದರೆ ಮೈಯೂ ಮೆಲ್ಲಗೆ ಹಳೇ ತೂಕಕ್ಕೇ ಹೋಗುತ್ತದೆ. ಎಂಟು ತಿಂಗಳು ಸೇರಿಸಿಕೊಂಡ ಊಟವೇ ಇನ್ನು ಅವನ ಊಟ. ಜೇಬಿಗೆ ಕೈ ಹಾಕಿ ಎರಡು ಬೀಜ ಬಾಯಿಗೆ ಎಸೆದುಕೊಂಡು, ನನಗೂ ಒಂದು ಹಿಡಿ ಕೊಟ್ಟ.